ಮಗಳು ಹಾಲು ಬಿಟ್ಟಾಗ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಬರೆಯಲು ತಾಯಿ, ಮಗಳು ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಹಿಡಿಯಬಹುದಾದ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಆಡಿದ ಮಾತುಗಳನ್ನು ಮಾತ್ರ ಸಾಧ್ಯವಾದಷ್ಟು ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ.

26 ವರ್ಷದ ಆ ಯುವತಿ ಮೊದಲ ಸಲ ಬಂದಾಗ ಹೇಳಿಕೊಂಡದ್ದು ನಿದ್ರೆಯ ತೊಂದರೆಯನ್ನು. ರಾತ್ರಿ ಎಷ್ಟು ಹೊತ್ತಾದರೂ ಕಣ್ಣು ಮುಚ್ಚುವುದಿಲ್ಲ, ಕೆಲಸದಲ್ಲಿ ಮರೆವು ಹೆಚ್ಚಾಗಿದೆ, ಮನೆಯಲ್ಲಿ ಯಾರ ಜೊತೆಗೂ ಮಾತು ಬೇಡವೆನಿಸುತ್ತದೆ ಎಂದಳು. ಊಟದ ವಿಷಯ ಬಂದದ್ದು ಕಡೆಗೆ, ಅವಳು ಹೊರಡಲು ಎದ್ದು ನಿಂತಾಗ. ಅವಳ ಮನೆಯವರು ಮೊದಲಿನಿಂದಲೂ ಸಸ್ಯಾಹಾರಿಗಳು. ಮಾಂಸ, ಮೊಟ್ಟೆ ಮನೆಯೊಳಗೆ ಬಂದದ್ದಿಲ್ಲ, ಹಾಲು ಮೊಸರು ಇಲ್ಲದ ದಿನವೂ ಇರಲಿಲ್ಲ. ಎರಡು ವರ್ಷಗಳ ಹಿಂದೆ ಆಕೆ ಹಾಲು ಮತ್ತು ಹಾಲಿನಿಂದಾದ ಎಲ್ಲವನ್ನೂ ಬಿಟ್ಟು ವೀಗನ್ ಆಗಿದ್ದಳು. ಅಂದಿನಿಂದ ಊಟದ ಹೊತ್ತು ಜಗಳದ ಹೊತ್ತಾಗಿತ್ತು.

ಆದರೆ ಅವಳನ್ನು ನನ್ನಲ್ಲಿಗೆ ಕರೆತಂದದ್ದು ಜಗಳವಲ್ಲ, ಒಂದು ಬಟ್ಟಲು ಸೂಪು. ಮೂರು ವಾರಗಳ ಹಿಂದಿನ ಒಂದು ರಾತ್ರಿ, ತಾಯಿ ಅವಳಿಗೆಂದೇ ಬೇರೆಯಾಗಿ ಮಾಡಿಟ್ಟಿದ್ದ ತರಕಾರಿ ಸೂಪನ್ನು ಅರ್ಧ ಕುಡಿದು, ಫೋನ್ ಬಂತೆಂದು ಎದ್ದು ಹೋಗಿದ್ದಳು. ಮರಳಿ ಬಂದು ಕೂತಾಗ ಆರಿದ ಸೂಪಿನ ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು. ಅದನ್ನು ಚಮಚದ ಅಂಚಿನಿಂದ ಎತ್ತಿ, ಎರಡು ಬೆರಳುಗಳ ನಡುವೆ ಉಜ್ಜಿ ನೋಡಿದಳಂತೆ. ‘ಅಮ್ಮ, ಇದಕ್ಕೆ ಏನು ಹಾಕಿದ್ದೀಯ?’ ಎಂದು ಕೇಳಿದ್ದಕ್ಕೆ ತಾಯಿ ಉತ್ತರ ಕೊಡದೆ ಒಲೆಯ ಕಡೆಗೆ ತಿರುಗಿಕೊಂಡರು. ನಾಲ್ಕು ತಿಂಗಳಿಂದ ದಿನಕ್ಕೊಂದು ಚಮಚ ಕೆನೆಯನ್ನು ಅವಳ ಊಟದಲ್ಲಿ ಬೆರೆಸುತ್ತಿದ್ದರೆಂದು ಆಮೇಲೆ ಗೊತ್ತಾಯಿತು. ಆ ರಾತ್ರಿಯಿಂದ ಮಗಳು ತಾಯಿಯ ಕೈಯಡುಗೆ ಮುಟ್ಟಿರಲಿಲ್ಲ.

ಇಂಥ ಪ್ರಕರಣದಲ್ಲಿ ಸಲಹೆಗಾರರು ಮೊದಲು ತಿಳಿದುಕೊಳ್ಳಬೇಕಾದದ್ದು, ಆಹಾರ ಬಿಡುವುದರ ಹಿಂದೆ ನಂಬಿಕೆ ಇದೆಯೋ, ಊಟವನ್ನೇ ಕಂಡರೆ ಭಯವೋ ಎಂಬುದನ್ನು. ತೂಕ ಇಳಿದಿದೆಯೇ, ತಿಂದ ಮೇಲೆ ಅಪರಾಧಿ ಭಾವ ಕಾಡುತ್ತದೆಯೇ, ತಾನು ಒಪ್ಪುವ ಆಹಾರವನ್ನಾದರೂ ಸಂತೋಷದಿಂದ, ಹೊಟ್ಟೆ ತುಂಬ ಉಣ್ಣುತ್ತಾಳೆಯೇ ಎಂದು ವಿವರವಾಗಿ ಕೇಳಿದೆ. ಶುದ್ಧ ಆಹಾರದ ಗೀಳಿಗೆ 1997ರಲ್ಲಿ ಸ್ಟೀವನ್ ಬ್ರಾಟ್‌ಮನ್ ಎಂಬ ವೈದ್ಯರು ಆರ್ಥೊರೆಕ್ಸಿಯಾ ಎಂಬ ಹೆಸರು ಕೊಟ್ಟ ಮೇಲೆ, ಕಟ್ಟುನಿಟ್ಟಾಗಿ ಉಣ್ಣುವವರನ್ನೆಲ್ಲ ಆ ಹೆಸರಿನಿಂದ ಕರೆಯುವ ಅವಸರ ನಮ್ಮ ವೃತ್ತಿಯವರಲ್ಲೂ ಕಾಣುತ್ತದೆ, ಅದು ಅನ್ಯಾಯ. ಈ ಯುವತಿ ಅಡುಗೆಯ ಬಗ್ಗೆ ಮಾತನಾಡುವಾಗ ಅವಳ ಮುಖ ಅರಳುತ್ತಿತ್ತು, ತೂಕವೂ ಸರಿಯಾಗಿಯೇ ಇತ್ತು. ಅವಳಲ್ಲಿದ್ದದ್ದು ನಂಬಿಕೆ. ನಂಬಿಕೆಗೆ ಚಿಕಿತ್ಸೆ ಕೊಡುವ ಅಧಿಕಾರ ಯಾವ ಸಲಹೆಗಾರರಿಗೂ ಇಲ್ಲ.

ಎರಡನೆಯ ಭೇಟಿಯಲ್ಲಿ ಅವಳು ಮಾತಿನ ನಡುವೆ ಪದೇ ಪದೇ ಪಾದವನ್ನು ನೆಲಕ್ಕೆ ಉಜ್ಜುತ್ತಿದ್ದುದನ್ನು ಕಂಡು ಕೇಳಿದೆ. ಕೆಲವು ತಿಂಗಳಿಂದ ಎರಡೂ ಪಾದಗಳಲ್ಲಿ ಜೋಮು ಹಿಡಿದಂತಾಗುತ್ತದೆ, ಕೂತು ಕೆಲಸ ಮಾಡುವುದರಿಂದ ಇರಬೇಕು ಎಂದಳು. ಮರೆವು, ಸುಸ್ತು, ಜೋಮು ಮೂರೂ ಒಟ್ಟಿಗೆ ಇರುವಾಗ ಅದನ್ನು ಬರೀ ಮನಸ್ಸಿನ ಒತ್ತಡವೆಂದು ಬರೆದುಕೊಳ್ಳುವುದು ಅಪಾಯ. ಅಂದೇ ವೈದ್ಯರಿಗೆ ಪತ್ರ ಕೊಟ್ಟು ಕಳುಹಿಸಿದೆ. ಬಿ12 ಬಹಳ ಕಡಿಮೆ ಇದೆಯೆಂದು ರಕ್ತಪರೀಕ್ಷೆ ತೋರಿಸಿತು.

ಈ ಜೀವಸತ್ವದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ವೀಗನ್ ಆದವರು ಎಡವುವುದು ಬಹುಪಾಲು ಇಲ್ಲಿಯೇ. ಬಿ12 ಅನ್ನು ಗಿಡಗಳೂ ತಯಾರಿಸುವುದಿಲ್ಲ, ಪ್ರಾಣಿಗಳೂ ತಯಾರಿಸುವುದಿಲ್ಲ; ತಯಾರಿಸುವುದು ಬ್ಯಾಕ್ಟೀರಿಯಾ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 2.4 ಮೈಕ್ರೋಗ್ರಾಂ, ಅಂದರೆ ಕಣ್ಣಿಗೆ ಕಾಣದಷ್ಟು. ಯಕೃತ್ತು ಇದನ್ನು ವರ್ಷಗಟ್ಟಲೆ ಕೂಡಿಟ್ಟುಕೊಳ್ಳುವುದರಿಂದ, ಹಾಲು ಬಿಟ್ಟ ಮೊದಲ ವರ್ಷ ಏನೂ ಆಗಲಿಲ್ಲ ಎಂಬ ಧೈರ್ಯ ಬಂದುಬಿಡುತ್ತದೆ. ಸೊಪ್ಪು, ಕಾಳು ಚೆನ್ನಾಗಿ ತಿನ್ನುವವರಲ್ಲಿ ಫೋಲೇಟ್ ಎಂಬ ಇನ್ನೊಂದು ಜೀವಸತ್ವ ಸಾಕಷ್ಟು ಇರುವ ಕಾರಣ, ಬಿ12 ಕೊರತೆಯಿಂದ ಬರುವ ರಕ್ತಹೀನತೆ ಕಾಣಿಸದೆಯೂ ಇರಬಹುದು, ಆದರೆ ಒಳಗೆ ನರಗಳಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ತಡವಾದರೆ ಆ ಪೆಟ್ಟು ಪೂರ್ತಿ ಮಾಯದಿರಬಹುದು. ಈಕೆ ಎರಡು ವರ್ಷ ಸ್ಪಿರುಲಿನಾ ಎಂಬ ಪಾಚಿಯ ಪುಡಿಯನ್ನು ನಂಬಿಕೊಂಡಿದ್ದಳು. ಅದರಲ್ಲಿರುವುದು ಬಹುಪಾಲು ಬಿ12ರ ನಮ್ಮ ದೇಹಕ್ಕೆ ಒದಗದ ರೂಪ. ಮಾತ್ರೆಯನ್ನೋ ಬಿ12 ಸೇರಿಸಿದ ಆಹಾರವನ್ನೋ ತಪ್ಪದೆ ತೆಗೆದುಕೊಳ್ಳುವುದೊಂದೇ ದಾರಿ.

ವರದಿ ನೋಡಿದ ತಾಯಿ, ‘ನೋಡಿದಿರಾ ಮೇಡಂ, ನಾನು ಹೇಳಿದ್ದು ಇದನ್ನೇ’ ಎಂದರು. ಅವರಿಗೂ ಪರೀಕ್ಷೆ ಮಾಡಿಸಲು ಹೇಳಿದೆ. ದಿನಕ್ಕೆರಡು ಲೋಟ ಹಾಲು ಕುಡಿಯುವ, ಸಕ್ಕರೆ ಕಾಯಿಲೆಗೆ ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದ ಅವರ ಮಟ್ಟವೂ ಕಡಿಮೆಯಿತ್ತು. ಆ ಔಷಧಿ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಒಂದು ಚಮಚ ಕೆನೆಯಿಂದ ಮಗಳಿಗೆ ಸಿಕ್ಕಿದ್ದು ಲೆಕ್ಕಕ್ಕೆ ಬಾರದಷ್ಟು ಎಂದು ವೈದ್ಯರು ವಿವರಿಸಿದಾಗ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ.

ಇಬ್ಬರನ್ನೂ ಒಟ್ಟಿಗೆ ಕೂರಿಸಿದ ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ವಾರಕ್ಕೊಮ್ಮೆ ಮನೆಯವರಿಗಾಗಿ ಸ್ವಲ್ಪ ಮೊಸರು ತೆಗೆದುಕೊಳ್ಳಬಹುದೇ ಎಂದು ರಾಜಿಯ ದಾರಿಯನ್ನು ಮುಂದಿಟ್ಟೆ. ಮಗಳ ಮುಖ ಆ ಕ್ಷಣವೇ ಮುಚ್ಚಿಕೊಂಡಿತು. ಮಾಂಸವನ್ನು ಎಂದೂ ಮುಟ್ಟದ ತಾಯಿಗೆ ವಾರಕ್ಕೊಂದು ತುಂಡು ತಿನ್ನಿ ಎಂದು ನಾನು ಹೇಳುತ್ತಿದ್ದೆನೇ? ಮುಂದಿನ ಭೇಟಿಯಲ್ಲಿ ಇಬ್ಬರ ಎದುರಿಗೂ ಕ್ಷಮೆ ಕೇಳಿದೆ. ಹಾಗೆಯೇ ಈ ಜಗಳ ಅವರ ಮನೆಯದ್ದು ಮಾತ್ರವಲ್ಲವೆಂದೂ ತಿಳಿಸಿದೆ. ಇಂಗ್ಲೆಂಡಿನಲ್ಲಿ 1847ರಲ್ಲಿ ಸಸ್ಯಾಹಾರಿಗಳ ಸಂಘ ಹುಟ್ಟಿತು. ಸುಮಾರು ನೂರು ವರ್ಷದ ನಂತರ ಹಾಲು, ಮೊಟ್ಟೆಯನ್ನೂ ಬಿಟ್ಟ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರಿಗೆ ಅದರೊಳಗೆ ಪ್ರತ್ಯೇಕ ವಿಭಾಗ ಸಿಗದೆ, 1944ರ ನವೆಂಬರಿನಲ್ಲಿ ಅವರು ಬೇರೆ ಸಂಘ ಕಟ್ಟಿಕೊಂಡರು. ‘ವೀಗನ್’ ಎಂಬ ಪದ ಬಂದದ್ದು ಆಗ, ಇಂಗ್ಲಿಷಿನ ‘ವೆಜಿಟೇರಿಯನ್’ ಪದದ ಮೊದಲ ಮೂರು ಮತ್ತು ಕೊನೆಯ ಎರಡು ಅಕ್ಷರಗಳನ್ನು ಕೂಡಿಸಿ. ‘ನಾವು ಆಗಲೇ ಎಲ್ಲ ಬಿಟ್ಟವರು, ಇವಳಿಗೆ ಇನ್ನೂ ಏನು ಬಿಡಬೇಕು?’ ಎಂಬ ತಾಯಿಯ ಪ್ರಶ್ನೆಯಲ್ಲಿದ್ದ ನೋವು ನನಗೆ ಅರ್ಥವಾಗುತ್ತಿತ್ತು. ಜೀವಮಾನವಿಡೀ ಯಾವ ಪ್ರಾಣಿಗೂ ನೋವು ಮಾಡಬಾರದೆಂದು ಬದುಕಿದವರಿಗೆ, ನೀನೂ ನೋವು ಮಾಡುತ್ತಿದ್ದೀಯ ಎಂದು ಹೆತ್ತ ಮಗಳೇ ಹೇಳಿದರೆ, ಮಾಂಸ ತಿನ್ನುವವರಿಗಿಂತ ಅವರಿಗೇ ಅದು ಹೆಚ್ಚು ನಾಟುತ್ತದೆ.

ಮಗಳು ಮಾತ್ರ ಯಾವಾಗಲೂ ಅಂಕಿಗಳಲ್ಲೇ ಮಾತನಾಡುತ್ತಿದ್ದಳು. ಜಗತ್ತಿನ ಕೃಷಿಭೂಮಿಯಲ್ಲಿ ಶೇ. 83ರಷ್ಟು ಮಾಂಸ, ಹಾಲು, ಮೊಟ್ಟೆ, ಸಾಕಿದ ಮೀನುಗಳಿಗೆ ಹೋಗುತ್ತದೆ, ಅದರಿಂದ ಜನರಿಗೆ ಸಿಗುವುದು ಶೇ. 18ರಷ್ಟು ಕ್ಯಾಲೊರಿ ಎಂಬ 2018ರ ಅಧ್ಯಯನ ಅವಳಿಗೆ ಬಾಯಿಪಾಠವಾಗಿತ್ತು. ಅಂಕಿ ಸರಿಯಾದದ್ದೇ. ಆದರೆ ಅಂಕಿ ನೋಡಿ ಒಬ್ಬರು ರಾತ್ರಿಯಿಡೀ ಎಚ್ಚರವಿರುವುದನ್ನು ನಾನು ಕಂಡಿಲ್ಲ. ನಾಲ್ಕನೆಯ ಭೇಟಿಯಲ್ಲಿ, ಅವಳೊಬ್ಬಳೇ ಇದ್ದಾಗ, ಈ ಲೆಕ್ಕಗಳನ್ನೆಲ್ಲ ಓದುವ ಮೊದಲು ಏನು ನಡೆಯಿತೆಂದು ಕೇಳಿದೆ. ಓದಿನ ಭಾಗವಾಗಿ ಒಂದು ದೊಡ್ಡ ಹಾಲಿನ ಫಾರ್ಮಿಗೆ ಹೋಗಿದ್ದಳಂತೆ. ಹಸು ಹಾಲು ಕೊಡಬೇಕಾದರೆ ಈಯಬೇಕು ಎಂಬ ಸರಳ ಸಂಗತಿಯನ್ನೂ ಅಲ್ಲಿಯವರೆಗೆ ತಾನು ಯೋಚಿಸಿರಲಿಲ್ಲ ಎಂದಳು. ಅಲ್ಲಿ ಕರುವನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಒಯ್ಯುತ್ತಿದ್ದರು. ಹಸು ಕಂಬಿಯ ಉದ್ದಕ್ಕೂ ಗಾಡಿಯ ಜೊತೆಯಲ್ಲೇ ನಡೆದು ಬಂತು, ಕಂಬಿ ಮುಗಿದ ಕಡೆ ನಿಂತಿತು, ಅವರೆಲ್ಲ ವಾಹನ ಹತ್ತುವವರೆಗೂ ಕೂಗುತ್ತಲೇ ಇತ್ತು. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆ, ಅಂಕಿ ಹೇಳಿದರೆ ನಗಲಾರರು ಎಂದು ಭಾವಿಸಿದ್ದಳು.

ನಾನು ಅವಳಿಗೆ ಕೊಟ್ಟ ಮುಖ್ಯ ಸಲಹೆ ಇದೊಂದೇ: ಕಾರಣವನ್ನು ತಾಯಿಗೆ ಒಮ್ಮೆ, ಊಟದ ಹೊತ್ತಲ್ಲದ ಹೊತ್ತಿನಲ್ಲಿ, ಅಂಕಿಗಳಿಲ್ಲದೆ, ತಾಯಿಯಿಂದ ಏನನ್ನೂ ಕೇಳದೆ ಹೇಳುವುದು. ತಾನು ಏಕೆ ಬಿಟ್ಟೆ ಎಂಬುದೂ, ನೀವೂ ಬಿಡಬೇಕು ಎಂಬುದೂ ಬೇರೆ ಬೇರೆ ಮಾತುಗಳು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದಾಗ ಕೇಳುವವರ ಕಿವಿಗೆ ಬೀಳುವುದು ಆಪಾದನೆ ಮಾತ್ರ. ರಾತ್ರಿ ಮಲಗುವ ಮುನ್ನ ಕಸಾಯಿಖಾನೆಯ ವಿಡಿಯೋಗಳನ್ನು ನೋಡುವ ರೂಢಿಯನ್ನೂ ನಿಲ್ಲಿಸಲು ಹೇಳಿದೆ. ಅದರಿಂದ ಯಾವ ಪ್ರಾಣಿಗೂ ಉಪಕಾರವಾಗುವುದಿಲ್ಲ, ಅವಳ ನಿದ್ರೆಯಂತೂ ಹಾಳಾಗುತ್ತಿತ್ತು.

ತಾಯಿಗೆ ಹೇಳಿದ್ದು ಇನ್ನೂ ಕಠಿಣವಾದದ್ದು. ಕದ್ದು ಬೆರೆಸಿದ್ದಕ್ಕೆ ‘ನಿನ್ನ ಒಳ್ಳೆಯದಕ್ಕೇ’ ಎಂಬ ಮಾತು ಸೇರಿಸದೆ ಕ್ಷಮೆ ಕೇಳಬೇಕು ಎಂದೆ. ಒಬ್ಬರ ಬಾಯಿಗೆ ಹೋಗುವುದನ್ನು ಅವರಿಗೆ ತಿಳಿಯದಂತೆ ಬದಲಿಸುವುದು ಎಷ್ಟೇ ಪ್ರೀತಿಯಿಂದಾದರೂ ವಂಚನೆಯೇ. ಆಗ ಅವರು ಬಿಕ್ಕಿ ಬಿಕ್ಕಿ ಅತ್ತರು. ದಿನ ತುಂಬುವ ಮೊದಲೇ ಹುಟ್ಟಿದ ಈ ಮಗುವಿಗೆ ಮೊಲೆ ಚೀಪಲು ಶಕ್ತಿಯಿರಲಿಲ್ಲವಂತೆ; ಹಾಲನ್ನು ಹಿಂಡಿ, ಚಮಚದ ತುದಿಯಿಂದ ತೊಟ್ಟು ತೊಟ್ಟಾಗಿ ಬಾಯಿಗೆ ಬಿಡುತ್ತಿದ್ದರಂತೆ. ‘ಚಮಚ ಹಿಡಿದರೆ ಇವತ್ತಿಗೂ ಕೈ ನಡುಗುತ್ತದೆ’ ಎಂದರು.

ಮುಂದಿನ ಜಂಟಿ ಭೇಟಿಯಲ್ಲಿ ಮಗಳು ಫಾರ್ಮಿನ ಸಂಗತಿಯನ್ನು ಹೇಳಿದಳು, ಐದು ನಿಮಿಷವೂ ಹಿಡಿಯಲಿಲ್ಲ. ತಾಯಿ ಸೆರಗಿನ ತುದಿಯನ್ನು ಮಡಚುತ್ತ, ಬಿಡಿಸುತ್ತ ಕೂತಿದ್ದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: ‘ಎಷ್ಟು ದಿನದ ಕರು ಅದು?’

‘ಒಂದು ದಿನದ್ದು ಅಮ್ಮ.’

ನಾನು ಏನೂ ಸೇರಿಸಲಿಲ್ಲ. ಅಂದಿನ ಭೇಟಿಯನ್ನು ಹೊತ್ತಿಗೆ ಮುಂಚೆಯೇ ಮುಗಿಸಿದೆ.

ಎಲ್ಲವೂ ಸರಿಹೋಗಿಲ್ಲ. ಅಣ್ಣ ಈಗಲೂ ಇದನ್ನು ಹಟ ಎನ್ನುತ್ತಾನೆ, ತಂದೆ ಈ ವಿಷಯ ಬಂದರೆ ಎದ್ದು ಹೋಗುತ್ತಾರೆ, ತಾಯಿ ಹಾಲು ಬಿಟ್ಟಿಲ್ಲ, ಬಿಡುವಂತೆ ಮಗಳು ಕೇಳುವುದೂ ಇಲ್ಲ. ಬೇರೆ ಒಲೆ ಹೂಡುವ ಬದಲು ಅದೇ ಅಡುಗೆಮನೆಯಲ್ಲಿ ತಾಯಿಯ ಪಕ್ಕ ನಿಂತು ತನ್ನ ಪಾಲಿನದ್ದನ್ನು ಮಾಡಿಕೊಳ್ಳಬೇಕೆಂದು ನಾನು ಹೇಳಿದ್ದನ್ನು ಅವಳು ವಾರದಲ್ಲಿ ಮೂರು ನಾಲ್ಕು ದಿನ ಪಾಲಿಸುತ್ತಾಳೆ. ಇಂಜೆಕ್ಷನ್ನುಗಳ ನಂತರ ಜೋಮು ಬಹುತೇಕ ಹೋಗಿದೆ, ಎಡಗಾಲಿನ ಎರಡು ಬೆರಳುಗಳಲ್ಲಿ ಉಳಿದಿದೆ. ನಿದ್ರೆ ಬರುತ್ತಿದೆ.

ಆರನೆಯ ತಿಂಗಳು ತಾಯಿಯೇ ಫೋನ್ ಮಾಡಿದರು. ಮಗಳು ನುಂಗುವ ಮಾತ್ರೆಯ ಡಬ್ಬಿಯನ್ನು ಕನ್ನಡಕ ಹಾಕಿಕೊಂಡು ಓದುತ್ತಿದ್ದರಂತೆ. ‘ಮೇಡಂ, ಇದರಲ್ಲಿ ಲ್ಯಾಕ್ಟೋಸ್ ಅಂತ ಬರೆದಿದೆ, ಅದು ಹಾಲಿನದ್ದೇ ಅಲ್ಲವೇ? ಅವಳಿಗೆ ಗೊತ್ತಾಗುವ ಮೊದಲು ಬೇರೆ ಮಾತ್ರೆ ತಂದಿಡೋಣವೆಂದು ನಿಮ್ಮನ್ನು ಕೇಳುತ್ತಿದ್ದೇನೆ.’ ಹೌದು, ಮಾತ್ರೆಗೆ ಗಾತ್ರ ಬರಲೆಂದು ಹಾಲಿನ ಸಕ್ಕರೆಯನ್ನು ಬೆರೆಸುವುದುಂಟು, ಅದಿಲ್ಲದವೂ ಸಿಗುತ್ತವೆ, ಆದರೆ ತಂದಿಡುವ ಮೊದಲು ಅವಳಿಗೇ ಹೇಳಿ ಎಂದೆ. ಫೋನನ್ನು ಕೆಳಗಿಡದೆಯೇ ಅವರು ಒಳಗಿನ ಕೋಣೆಯ ಕಡೆಗೆ ಮಗಳನ್ನು ಕೂಗಿ ಕರೆದದ್ದು ನನಗೆ ಕೇಳಿಸಿತು.