ಗೌರ್ಮೆಂಟ್ ವೆಬ್‌ಸೈಟ್ ಕೆಲಸ ಹಿಡಿಯೋದು ಹೇಗೆ?

ಪ್ರಶ್ನೆ: ಸರ್, ನಾನು ನನ್ನ ಫ್ರೆಂಡ್ ಇಬ್ಬರೇ ಸೇರಿ ವೆಬ್‌ಸೈಟ್ ಮಾಡಿಕೊಡೋ ಸಣ್ಣ ಆಫೀಸ್ ಇಟ್ಕೊಂಡಿದೀವಿ, ಸ್ಕೂಲು, ನರ್ಸಿಂಗ್ ಹೋಮ್‌ಗಳ ಕೆಲಸ ಮಾಡಿದೀವಿ. ಈಗ ಸರ್ಕಾರಿ ಆಫೀಸ್ ಕೆಲಸ ಬೇಕು. ಒಬ್ರು ಏಜೆಂಟ್ 'ಗೌರ್ಮೆಂಟ್ ಅಪ್ರೂವ್ಡ್ ವೆಂಡರ್' ಸರ್ಟಿಫಿಕೇಟ್ ಮಾಡಿಸಿಕೊಡ್ತೀನಿ, ಮೂವತ್ತು ಸಾವಿರ ಆಗುತ್ತೆ ಅಂತಿದಾರೆ. ಕೊಡಬಹುದಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಕೊಡಬೇಡಿ. ಎಲ್ಲಾ ಇಲಾಖೆಗೂ ನಡೆಯೋ ಅಂಥ ಒಂದು ಸರ್ಟಿಫಿಕೇಟೇ ಇಲ್ಲ. ಅವರು ಬಹುಶಃ ಉದ್ಯಮ್ ರಿಜಿಸ್ಟ್ರೇಷನ್ನು (ಸಣ್ಣ ಉದ್ಯಮಗಳ ನೋಂದಣಿ), ಜೆಮ್ ಅನ್ನೋ ಕೇಂದ್ರ ಸರ್ಕಾರದ ಖರೀದಿ ಪೋರ್ಟಲ್‌ದು ಸೆಲ್ಲರ್ ಅಕೌಂಟು ಮಾಡ್ಸಿ ಪ್ರಿಂಟ್ ತೆಗೆದು ಲ್ಯಾಮಿನೇಷನ್ ಹಾಕಿ ಕೊಡ್ತಾರೆ ಅಷ್ಟೆ. ಉದ್ಯಮ್‌ಗೆ ಒಂದು ರೂಪಾಯಿ ಫೀಸಿಲ್ಲ, ಆಧಾರ್ ಪಾನ್ ಇಟ್ಕೊಂಡು ನೀವೇ ಮಾಡ್ಕೋಬಹುದು, ಅದಿದ್ರೆ ಎಷ್ಟೋ ಟೆಂಡರ್‌ಗಳಲ್ಲಿ ಇಎಂಡಿ, ಅಂದ್ರೆ ಟೆಂಡರ್ ಜೊತೆ ಇಡೋ ಠೇವಣಿ, ಕಟ್ಟೋದೂ ತಪ್ಪುತ್ತೆ. ದುಡ್ಡು ಕೊಟ್ಟು ತಗೋಬೇಕಾಗಿರೋದು ಆನ್‌ಲೈನ್ ಟೆಂಡರ್‌ಗೆ ಸೈನ್ ಮಾಡೋಕೆ ಬೇಕಾದ ಕ್ಲಾಸ್ 3 ಡಿಜಿಟಲ್ ಸಿಗ್ನೇಚರ್.

ರಾಜ್ಯದ ಇಲಾಖೆಗಳು 1999ರ ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿ ಪಾರದರ್ಶಕವಾಗಿರಬೇಕು ಅನ್ನೋ ರಾಜ್ಯದ ಕಾಯ್ದೆ) ಪ್ರಕಾರ ಟೆಂಡರ್ ಕರೀತಾವೆ, ಅದು ಬರೋದು ಕೆಪಿಪಿಪಿ ಅನ್ನೋ ರಾಜ್ಯದ ಖರೀದಿ ಪೋರ್ಟಲ್‌ನಲ್ಲಿ. ಕೇಂದ್ರದವರದ್ದು ಜಾಸ್ತಿ ಜೆಮ್ಮಲ್ಲೇ. ಇನ್ನು ರಾಜ್ಯ ಸರ್ಕಾರದ ಕಿಯೋನಿಕ್ಸ್ ಥರದ ಸಂಸ್ಥೆಗಳು ಆಗಾಗ ಎಂಪ್ಯಾನಲ್‌ಮೆಂಟ್‌ಗೆ, ಅಂದ್ರೆ ತಮ್ಮ ವೆಂಡರ್ ಪಟ್ಟಿಗೆ ಸೇರಿಸ್ಕೊಳ್ಳೋಕೆ, ಅರ್ಜಿ ಕರೀತಾವೆ, ನೀವು ಹೇಳ್ತಿರೋ ಅಪ್ರೂವಲ್‌ಗೆ ಹತ್ತಿರ ಅಂದ್ರೆ ಅದೇ, ಆದ್ರೆ ಪಟ್ಟೀಲಿ ಹೆಸರು ಬಂದ ಮಾತ್ರಕ್ಕೆ ಕೆಲಸ ಹುಡುಕ್ಕೊಂಡು ಬರಲ್ಲ. ಸಾಮಾನ್ಯವಾಗಿ ಮೂರು ವರ್ಷದ ಐಟಿ ರಿಟರ್ನ್, ಸಿಎ ಸೈನ್ ಮಾಡಿದ ಟರ್ನೋವರ್ ಸರ್ಟಿಫಿಕೇಟ್, ಹಳೇ ಕೆಲಸದ ವರ್ಕ್ ಆರ್ಡರ್, ಕಂಪ್ಲೀಷನ್ ಸರ್ಟಿಫಿಕೇಟ್ ಕೇಳ್ತಾರೆ. ಆ ನರ್ಸಿಂಗ್ ಹೋಮ್‌ನವರ ಹತ್ರ ಈಗ್ಲೇ ಲೆಟರ್‌ಹೆಡ್‌ನಲ್ಲಿ ಸೀಲ್ ಹಾಕಿಸಿ ಬರೆಸಿಟ್ಕೊಳ್ಳಿ, ಟೆಂಡರ್ ಕೊನೇ ದಿನ ಓಡಿದ್ರೆ ಯಾರೂ ಕೈಗೆ ಸಿಗಲ್ಲ.

ನಿಜವಾದ ತಲೆನೋವು ರೇಟ್ ಹಾಕೋದ್ರಲ್ಲಿದೆ. ಸ್ಕೂಲ್ ಸೈಟ್ ರೇಟಲ್ಲೇ ಕೋಟ್ ಮಾಡಿ ಎಲ್-1 (ಎಲ್ಲರಿಗಿಂತ ಕಡಿಮೆ ರೇಟು) ಬಂದ್ಬಿಟ್ರೆ ಮುಗೀತು ಕಥೆ, ಯಾಕಂದ್ರೆ ಸರ್ಕಾರಿ ಡೇಟಾ ಸೆಂಟರಲ್ಲಿ ಸೈಟ್ ಹಾಕಬೇಕಂದ್ರೆ ಸರ್ಟ್-ಇನ್ (ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ) ಪಟ್ಟೀಲಿರೋ ಆಡಿಟರ್ ಕೈಲಿ ಸೆಕ್ಯುರಿಟಿ ಆಡಿಟ್ ಆಗಿರಬೇಕು, ಅವರು ತೋರಿಸಿದ್ದನ್ನ ಸರಿ ಮಾಡಿ ಮತ್ತೆ ತೋರಿಸಬೇಕು, ಆ ಫೀಸ್ ಯಾರು ಕಟ್ಟೋದು ಅಂತ ಟೆಂಡರ್ ಹಾಕೋಕೆ ಮುಂಚೆ ನಡೆಯೋ ಪ್ರೀ-ಬಿಡ್ ಮೀಟಿಂಗಲ್ಲೇ ಕೇಳ್ಕೊಳ್ಳಿ. ಕಂಟೆಂಟ್ ಕಥೆ ಇನ್ನೊಂದು. ಆಫೀಸಿಂದ ಬರೋ ಫೈಲು ಹಳೇ ನುಡಿ ಫಾಂಟಲ್ಲಿರುತ್ತೆ, ಕಾಪಿ ಮಾಡಿ ಹಾಕಿದ್ರೆ ಸೈಟಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುತ್ತೆ, ಯೂನಿಕೋಡ್‌ಗೆ ಕನ್ವರ್ಟ್ ಮಾಡಿ ಒತ್ತಕ್ಷರ, ಅರ್ಕಾವತ್ತು ಎಲ್ಲಾ ಕೂತ್ಕೊಂಡು ನೋಡಬೇಕು. ಉಳಿದಿದ್ದು ಸ್ಕ್ಯಾನ್ ಮಾಡಿದ ಪಿಡಿಎಫ್, ಅದನ್ನ ಹಾಗೇ ಹಾಕಿದ್ರೆ ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಅದರಲ್ಲಿ ಓದೋಕೆ ಏನೂ ಇರಲ್ಲ, ಸರ್ಕಾರಿ ವೆಬ್‌ಸೈಟ್‌ಗಳಿಗಿರೋ ಜಿಐಜಿಡಬ್ಲ್ಯು ಗೈಡ್‌ಲೈನ್ಸ್‌ಗೂ ಒಪ್ಪಲ್ಲ. ಟೈಪಿಂಗ್‌ಗೆ ಒಬ್ಬರ ಸಂಬಳ ಸೇರಿಸೇ ರೇಟ್ ಹಾಕಿ.

ಪ್ರಶ್ನೆ: ಒಂದು ಆಫೀಸಿನವರು ನಮ್ಮ ಸಾಫ್ಟ್‌ವೇರ್ ಬಿಲ್‌ನಲ್ಲಿ 2% ಹಿಡ್ಕೊಂಡಿದಾರೆ. ಇದು ಮಾಮೂಲಾ?
– ಒಬ್ಬ ಓದುಗ, ಹಾಸನ

ಉತ್ತರ: ನೀವಂದ್ಕೊಂಡ ಮಾಮೂಲು, ಅಂದ್ರೆ ಲಂಚ, ಅಲ್ಲ ಅನ್ಸುತ್ತೆ. ಕಾಂಟ್ರ್ಯಾಕ್ಟ್ ಎರಡೂವರೆ ಲಕ್ಷ ದಾಟಿದ್ರೆ ಸರ್ಕಾರಿ ಆಫೀಸಿನವರು ಜಿಎಸ್‌ಟಿ ಟಿಡಿಎಸ್ (ಬಿಲ್ ಕೊಡುವಾಗಲೇ ಮುರ್ಕೊಳ್ಳೋ ತೆರಿಗೆ) 2% ಹಿಡೀಲೇಬೇಕು. ಅವರು ರಿಟರ್ನ್ ಹಾಕಿದ ಮೇಲೆ ನೀವು ಜಿಎಸ್‌ಟಿ ಪೋರ್ಟಲ್‌ನಲ್ಲಿ ಅಕ್ಸೆಪ್ಟ್ ಮಾಡಿದ್ರೆ ನಿಮ್ಮ ಕ್ಯಾಶ್ ಲೆಡ್ಜರ್‌ಗೆ (ಜಿಎಸ್‌ಟಿ ಕಟ್ಟೋಕೆ ಬಳಸೋ ಖಾತೆ) ಬೀಳುತ್ತೆ. ಬಿದ್ದಿಲ್ಲ ಅಂದ್ರೆ ಅಕೌಂಟ್ಸ್ ಸೆಕ್ಷನ್‌ಗೆ ಹೋಗಿ, ನಿಮ್ಮ ಜಿಎಸ್‌ಟಿ ನಂಬರ್ ತಪ್ಪಾಗಿ ಎಂಟ್ರಿ ಆಗಿದ್ಯಾ ನೋಡ್ಸಿ.