ಬಳ್ಳಾರಿ ಮೇಯರ್‌ಗೆ ಅಧಿಕಾರ ಎಷ್ಟಿದೆ, ವಿವಾದ ಎಲ್ಲಿಂದ ಹುಟ್ಟುತ್ತದೆ?

ನಿಮ್ಮ ಪ್ರಶ್ನೆ ಇದು: "ನಮ್ಮ ವಾರ್ಡಿನ ಸದಸ್ಯರು ಮುಂದಿನ ಮೇಯರ್ ಆಗ್ತಾರಂತೆ. ಆದ್ರೆ ನಮ್ಮ ಓಣಿಯ ರಸ್ತೆ, ನೀರು ಸರಿಹೋಗುತ್ತಾ? ಮೇಯರ್ ಆದವರ ಮೇಲೆಲ್ಲ ಆರೋಪ ಬರೋದು ಯಾಕೆ? ಅದ್ರಲ್ಲಿ ನಿಜ ಯಾವುದು ಅಂತ ತಿಳಿಯೋದು ಹೇಗೆ?"

ರಸ್ತೆ ಒಂದಿಷ್ಟು ಸರಿಹೋದೀತು. ನೀರಿನ ವಿಷಯದಲ್ಲಿ ಅಂಥ ಆಸೆ ಇಟ್ಟುಕೊಳ್ಳಬೇಡಿ. ಇನ್ನು ಆರೋಪದ ನಿಜ ತಿಳಿಯಬೇಕಿದ್ದರೆ ಮೇಯರ್ ಮಾತಾಡಿದ ವಿಡಿಯೊ ನೋಡಿ ಪ್ರಯೋಜನವಿಲ್ಲ, ಪಾಲಿಕೆಯ ಸಾಮಾನ್ಯ ಸಭೆಯ ನಡಾವಳಿ, ಅಂದರೆ ಅಲ್ಲಿ ಆದ ತೀರ್ಮಾನಗಳ ದಾಖಲೆ ಓದಬೇಕು.

ಬಳ್ಳಾರಿ 2004ರಲ್ಲಿ ಮಹಾನಗರ ಪಾಲಿಕೆ ಆಯಿತು. ಈಗ 39 ವಾರ್ಡುಗಳಿವೆ. 2021ರ ಏಪ್ರಿಲ್‌ನಲ್ಲಿ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 21, ಬಿಜೆಪಿಗೆ 13, ಪಕ್ಷೇತರರಿಗೆ 5 ಸ್ಥಾನ ಸಿಕ್ಕವು. ಮೇಯರ್ ಆಯ್ಕೆಗೆ ಜನ ಮತ ಹಾಕುವುದಿಲ್ಲ. ಈ 39 ಜನರ ಜೊತೆ ಸಂಸದರು, ಬಳ್ಳಾರಿ ನಗರ ಮತ್ತು ಗ್ರಾಮೀಣ ಶಾಸಕರು, ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರುವ ವಿಧಾನ ಪರಿಷತ್ ಮತ್ತು ರಾಜ್ಯಸಭಾ ಸದಸ್ಯರು ಮತ ಹಾಕುತ್ತಾರೆ. ಸರ್ಕಾರ ನಾಮಕರಣ ಮಾಡಿದ ಸದಸ್ಯರು ಸಭೆಯಲ್ಲಿ ಕೂತು ಮಾತಾಡಬಹುದು, ಮತ ಇಲ್ಲ. ಚುನಾವಣೆ ನಡೆಸುವವರು ಕಲಬುರಗಿಯ ಪ್ರಾದೇಶಿಕ ಆಯುಕ್ತರು. ಗುಪ್ತ ಮತದಾನವಲ್ಲ, ಎಲ್ಲರೆದುರು ಕೈ ಎತ್ತಬೇಕು. ಯಾರು ಎತ್ತಿದರು, ಯಾರು ಎತ್ತಲಿಲ್ಲ ಎಂಬುದು ಕಡತದಲ್ಲಿ ಉಳಿಯುತ್ತದೆ. ಪಕ್ಷದ ವಿಪ್ (ಹೀಗೇ ಮತ ಹಾಕಬೇಕೆಂಬ ಆದೇಶ) ಮೀರಿದವರ ಮೇಲೆ 1987ರ ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯ್ದೆಯಡಿ ದೂರು ಕೊಡಬಹುದು, ಸದಸ್ಯತ್ವವೇ ಹೋಗಬಹುದು. ಚುನಾವಣೆಗೆ ಮುಂಚೆ ಸದಸ್ಯರನ್ನು ರೆಸಾರ್ಟಿಗೆ ಕರೆದೊಯ್ಯುವುದು ಕೈ ಎತ್ತುವ ಆ ಹತ್ತು ನಿಮಿಷಕ್ಕಾಗಿ.

ನಿಮ್ಮ ಸದಸ್ಯರು ನಿಜಕ್ಕೂ ಮೇಯರ್ ಆಗುತ್ತಾರೋ ಇಲ್ಲವೋ ಎಂದು ಊಹಿಸಲು ಮೊದಲು ನೋಡಬೇಕಾದ್ದು ಸರ್ಕಾರ ಹೊರಡಿಸುವ ಮೀಸಲಾತಿ ಪಟ್ಟಿ. ಮೇಯರ್ ಸ್ಥಾನ ಒಂದು ವರ್ಷ ಒಂದು ವರ್ಗಕ್ಕೆ, ಮರುವರ್ಷ ಇನ್ನೊಂದಕ್ಕೆ ಹೋಗುತ್ತದೆ. ಪರಿಶಿಷ್ಟ ಜಾತಿ ಮಹಿಳೆಗೆ ಬಂತು ಎನ್ನಿ, ಆಡಳಿತ ಪಕ್ಷದಲ್ಲಿ ಆ ಅರ್ಹತೆ ಇರುವವರು ಇಬ್ಬರೋ ಮೂವರೋ ಇರುತ್ತಾರೆ. ಇಪ್ಪತ್ತು ವರ್ಷ ರಾಜಕೀಯ ಮಾಡಿದವರು ಹೊರಗೆ ನಿಲ್ಲುತ್ತಾರೆ, ಮೊದಲ ಸಲ ಗೆದ್ದವರು ಮೇಯರ್ ಗೌನು ತೊಡುತ್ತಾರೆ. 2023ರ ಮಾರ್ಚ್‌ನಲ್ಲಿ 23 ವರ್ಷದ ಡಿ. ತ್ರಿವೇಣಿ ಮೇಯರ್ ಆದದ್ದು ರಾಜ್ಯಕ್ಕೆಲ್ಲ ಸುದ್ದಿಯಾಗಿತ್ತು. ಅವರ ತಾಯಿಯೂ ಹಿಂದೆ ಮೇಯರ್ ಆಗಿದ್ದವರು. ವಯಸ್ಸು ಚಿಕ್ಕದೆಂದು ಮೂಗು ಮುರಿದವರಿದ್ದರು, ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. 21 ತುಂಬಿದವರು ಸ್ಪರ್ಧಿಸಬಹುದೆಂದು ಕಾನೂನೇ ಹೇಳುತ್ತದೆ. ತಪ್ಪಿರುವುದು ಅವಧಿಯಲ್ಲಿ.

1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ಮೇಯರ್‌ಗೆ ಕೊಟ್ಟಿರುವುದು ಒಂದೇ ವರ್ಷ. ಕೊಪ್ಪಳದಂಥ ನಗರಸಭೆಯ ಅಧ್ಯಕ್ಷರಿಗೆ 30 ತಿಂಗಳು ಸಿಗುತ್ತದೆ, ಅದಕ್ಕಿಂತ ದೊಡ್ಡ ಊರಿನ ಮೇಯರ್‌ಗೆ 12. ಆ ಹನ್ನೆರಡೂ ಪೂರ್ತಿ ಸಿಗುವುದಿಲ್ಲ. ಮಾರ್ಚ್‌ನಲ್ಲಿ ಗೌನು ತೊಟ್ಟರೆ ಬಜೆಟ್ ಆಗಲೇ ತಯಾರಾಗಿರುತ್ತದೆ. 2023ರ ಮಾರ್ಚ್ 29ರಿಂದ ವಿಧಾನಸಭಾ ಚುನಾವಣೆಯ ನೀತಿ ಸಂಹಿತೆ, 2024ರ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ ಲೋಕಸಭೆಯದ್ದು. ಅಷ್ಟು ದಿನ ಹೊಸ ಕಾಮಗಾರಿಗೆ ಕೈ ಹಾಕುವಂತಿಲ್ಲ. ಪಕ್ಷದೊಳಗೆ "ಆರು ತಿಂಗಳು ನೀವು, ಆರು ತಿಂಗಳು ಅವರು" ಎಂಬ ಒಪ್ಪಂದವಾಗಿದ್ದರೆ ಉಳಿದದ್ದೂ ಅರ್ಧ. ಹಾಗಾಗಿ ಮೇಯರ್ ಟೇಪು ಕತ್ತರಿಸುವುದು ಹಿಂದಿನವರ ಕಾಮಗಾರಿಗೆ, ತಾವು ಮಂಜೂರು ಮಾಡಿಸಿದ್ದರ ಬಿಲ್ ಆಗುವುದು ಮುಂದಿನವರ ಕಾಲಕ್ಕೆ. ಯಾರ ಮೇಲಿನ ಆರೋಪ ಯಾರ ಕಾಲದ್ದು ಎಂಬ ಗೊಂದಲ ಇಲ್ಲಿಂದಲೇ ಶುರು.

ಇದಕ್ಕಿಂತ ಕೆಟ್ಟದ್ದು ಖಾಲಿ ಕುರ್ಚಿ. 2021ರ ಏಪ್ರಿಲ್ 30ಕ್ಕೆ ಫಲಿತಾಂಶ ಬಂತು, ಮೇಯರ್ ಆಯ್ಕೆಯಾದದ್ದು 2022ರ ಮಾರ್ಚ್‌ನಲ್ಲಿ. ಸುಮಾರು 11 ತಿಂಗಳು ಗೆದ್ದವರಿಗೆ ಸಭೆಯೇ ಇರಲಿಲ್ಲ. ರಾಯಚೂರು, ಕೊಪ್ಪಳದಲ್ಲಿ 2018ರಲ್ಲಿ ಗೆದ್ದ ನಗರಸಭೆ ಸದಸ್ಯರು ಮೀಸಲಾತಿ ಜಗಳ ಕೋರ್ಟಿನಲ್ಲಿದ್ದ ಕಾರಣ ಅಧ್ಯಕ್ಷರನ್ನು ಕಾಣಲು 2020ರ ಕೊನೆಯವರೆಗೆ ಕಾಯಬೇಕಾಯಿತು. ಆಡಳಿತಾಧಿಕಾರಿ ಕೈಯಲ್ಲಿ ಊರು ಇದ್ದಾಗ ಯಾವ ಓಣಿಯವರೂ ಯಾರನ್ನೂ ಕೇಳುವಂತಿರಲಿಲ್ಲ. ಇದು ನನಗೆ ಯಾವ ಹಗರಣಕ್ಕಿಂತಲೂ ದೊಡ್ಡ ಅನ್ಯಾಯ.

ಈಗ ಅಧಿಕಾರ. ಸಿಬ್ಬಂದಿ, ಟೆಂಡರ್, ಕಾರ್ಯಾದೇಶ, ಹಣ ಪಾವತಿ ಎಲ್ಲವೂ ಸರ್ಕಾರ ನೇಮಿಸಿದ ಆಯುಕ್ತರ ಕೈಯಲ್ಲಿ. ಮೇಯರ್ ಚೆಕ್ಕಿಗೆ ಸಹಿ ಹಾಕುವುದಿಲ್ಲ. ಬಜೆಟ್ ಮೊದಲು ಹೋಗುವುದು ತೆರಿಗೆ, ಹಣಕಾಸು ಮತ್ತು ಅಪೀಲುಗಳ ಸ್ಥಾಯಿ ಸಮಿತಿಗೆ. ನೀರಂತೂ ತುಂಗಭದ್ರಾ ಕಾಲುವೆಯದ್ದು. ಕಾಲುವೆ ಹರಿಯುವಾಗ ಅಲ್ಲೀಪುರ, ಮೋಕಾ ಕೆರೆ ತುಂಬಿಸಿಕೊಂಡು ಬೇಸಿಗೆ ದಾಟಬೇಕು. ಕಾಲುವೆಗೆ ನೀರು ಯಾವಾಗ ಬಿಡಬೇಕೆಂದು ಪಾಲಿಕೆಯನ್ನು ಯಾರೂ ಕೇಳುವುದಿಲ್ಲ. ಬಡಾವಣೆ ನಕ್ಷೆ ಒಪ್ಪುವುದು ಬುಡಾ, ಅಂದರೆ ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ. ದೊಡ್ಡ ರಸ್ತೆಗಳಿಗೆ ದುಡ್ಡು ಬರುವುದು ಜಿಲ್ಲಾ ಖನಿಜ ನಿಧಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ರಾಜ್ಯ ಸರ್ಕಾರದ ನಗರೋತ್ಥಾನ ಯೋಜನೆಯಿಂದ. ಅಲ್ಲಿ ಮಂತ್ರಿ, ಶಾಸಕರ ಮಾತೇ ಮಾತು.

ಮೇಯರ್ ಕೈಯಲ್ಲಿ ಉಳಿಯುವುದು ಸಭೆ. ಯಾವಾಗ ಕರೆಯಬೇಕು, ಯಾವ ವಿಷಯ ಅಜೆಂಡಾಕ್ಕೆ ಬರಬೇಕು, ಯಾವುದನ್ನು ಮುಂದೂಡಬೇಕು, ಮತ ಸಮನಾದರೆ ನಿರ್ಣಾಯಕ ಮತ. ಇದು ಸಣ್ಣದಲ್ಲ. ಪಾಲಿಕೆಯ ಆಸ್ತಿ, ದರ, ಗುತ್ತಿಗೆ ಇವೆಲ್ಲ ಕೊನೆಗೆ ಈ ಸಭೆಯ ಮೇಜಿನ ಮೇಲೆ ಹಾದುಹೋಗಲೇಬೇಕು. ವಿವಾದ ಹುಟ್ಟುವುದೂ ಇದೇ ಮೇಜಿನ ಮೇಲೆ.

ಅಜೆಂಡಾದ ಕೊನೆಯ ಪುಟ ನೋಡಿ. ಮೊದಲ ವಿಷಯ ಯಾವಾಗಲೂ "ಹಿಂದಿನ ಸಭೆಯ ನಡಾವಳಿ ದೃಢೀಕರಣ". ಕೊನೆಗೆ "ಹೆಚ್ಚುವರಿ ವಿಷಯಗಳು" ಎಂದು ಒಂದಷ್ಟು ಸೇರಿರುತ್ತವೆ. ಅವುಗಳಲ್ಲಿ "ಘಟನೋತ್ತರ ಮಂಜೂರಾತಿ" ಎಂಬ ಎರಡು ಪದ ಕಂಡಲ್ಲಿ ಬೆರಳಿಡಿ. ಕೆಲಸ ಆಗಲೇ ಮಾಡಿಸಿದ್ದೇವೆ, ಈಗ ಒಪ್ಪಿಗೆ ಕೊಡಿ ಎಂದು ಅರ್ಥ. ಪೈಪ್ ಒಡೆದಾಗ, ಮಳೆಗೆ ಚರಂಡಿ ಕಟ್ಟಿಕೊಂಡಾಗ ಇದು ಬೇಕೇ ಬೇಕು. ಆದರೆ ಒಂದೇ ವಾರ್ಡಿನ ಒಂದೇ ಚರಂಡಿ ನಾಲ್ಕು ತುಂಡಾಗಿ, ನಾಲ್ಕೂ ಟೆಂಡರ್ ಕರೆಯಲೇಬೇಕಾದ ಮಿತಿಗಿಂತ ಸ್ವಲ್ಪ ಕೆಳಗಿನ ಮೊತ್ತದಲ್ಲಿ ಬಂದಿದ್ದರೆ ಅದು ತುರ್ತಲ್ಲ, ತುಂಡು ಗುತ್ತಿಗೆ. ಸಭೆ ಗದ್ದಲದಲ್ಲಿ ಮುಗಿದ ದಿನ ಇಂಥ ವಿಷಯಗಳು ಚರ್ಚೆಯಿಲ್ಲದೆ "ಸರ್ವಾನುಮತದಿಂದ" ಪಾಸಾಗಿರುತ್ತವೆ. ಹಾಗಾಗಿ ಗದ್ದಲದ ವಿಡಿಯೊ ಹರಿದಾಡಿದ ಸಭೆಯ ನಡಾವಳಿಯನ್ನೇ ಮೊದಲು ಕೇಳಿ.

ಎರಡನೆಯದು ಬಡಾವಣೆ ಹಸ್ತಾಂತರ. ಲೇಔಟ್ ಮಾಡಿದವರು ಒಳಚರಂಡಿ, ಬೀದಿದೀಪ, ನೀರಿನ ಲೈನು ಮುಗಿಸಿ ರಸ್ತೆ, ಪಾರ್ಕುಗಳನ್ನು ಪಾಲಿಕೆಗೆ ಒಪ್ಪಿಸಬೇಕು. ಅರ್ಧ ಕೆಲಸದಲ್ಲೇ ಪಾಲಿಕೆ ಒಪ್ಪಿಕೊಂಡುಬಿಟ್ಟರೆ ಉಳಿದ ಖರ್ಚು ಊರಿನವರ ತೆರಿಗೆ ಮೇಲೆ ಬೀಳುತ್ತದೆ. ಹತ್ತು ವರ್ಷದ ಮೇಲೆ "ಈ ಬಡಾವಣೆಗೆ ಮೇಯರ್ ಏನೂ ಮಾಡಲಿಲ್ಲ" ಎಂದು ಬೈಯುವ ಜನಕ್ಕೆ ಆ ಹಳೆಯ ನಿರ್ಣಯದ ಸಂಖ್ಯೆ ಗೊತ್ತಿರುವುದಿಲ್ಲ.

ಮೂರನೆಯದು ಸ್ವಂತ ಲಾಭ. ಸದಸ್ಯರ ಹೆಸರಲ್ಲಾಗಲಿ, ಅವರ ಮನೆಯವರ ಹೆಸರಲ್ಲಾಗಲಿ ಪಾಲಿಕೆಯ ಗುತ್ತಿಗೆ, ಮಳಿಗೆಯಲ್ಲಿ ಪಾಲು ಇರಬಾರದು. 2025ರ ಫೆಬ್ರವರಿಯಲ್ಲಿ ಬೆಳಗಾವಿ ಪಾಲಿಕೆಯ ಇಬ್ಬರು ಸದಸ್ಯರ ಸದಸ್ಯತ್ವವನ್ನು ಪ್ರಾದೇಶಿಕ ಆಯುಕ್ತರು ರದ್ದು ಮಾಡಿದ್ದು, ತಿನಿಸು ಕಟ್ಟೆಯ ಮಳಿಗೆಗಳನ್ನು ಹೆಂಡತಿಯರ ಹೆಸರಿಗೆ ಪಡೆದ ಆರೋಪದ ಮೇಲೆ. ಪ್ರಕರಣ ಹೈಕೋರ್ಟಿನವರೆಗೆ ಹೋಯಿತು, ಅವರಲ್ಲೊಬ್ಬರು ಮರುತಿಂಗಳೇ ಮೇಯರ್ ಆಗಿ ಆಯ್ಕೆಯಾದರು. ಸದಸ್ಯರು ಪ್ರತಿ ವರ್ಷ ಆಸ್ತಿ ವಿವರ ಸಲ್ಲಿಸಬೇಕೆಂಬ ನಿಯಮವೂ ಇದೆ. ನಿಮ್ಮ ಸದಸ್ಯರು ಸಲ್ಲಿಸಿದ್ದಾರೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ಜಾತಿ ಪ್ರಮಾಣಪತ್ರದ ತಕರಾರು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪರಿಶೀಲನಾ ಸಮಿತಿಗೆ ಹೋಗುತ್ತದೆ, ಅದರ ತೀರ್ಮಾನ ಬರುವವರೆಗೆ ಅದು ತಕರಾರು ಮಾತ್ರ. ಮಹಿಳಾ ಮೇಯರ್ ಪಕ್ಕದ ಕುರ್ಚಿಯಲ್ಲಿ ಗಂಡನೋ ಅಣ್ಣನೋ ಕೂತು ಅಧಿಕಾರಿಗಳಿಗೆ ಹುಕುಂ ಕೊಡುವುದು ಮಾತ್ರ ನೇರ ತಪ್ಪು. ಸಭೆಯಲ್ಲಿ, ಕಡತದಲ್ಲಿ ಅವರಿಗೆ ಯಾವ ಸ್ಥಾನವೂ ಇಲ್ಲ.

ನಿಜ ತಿಳಿಯುವ ದಾರಿ ಹೀಗೆ. ಮಾಹಿತಿ ಹಕ್ಕು ಅರ್ಜಿ, ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. "ಮೇಯರ್ ಮಾಡಿದ ಅಕ್ರಮಗಳ ವಿವರ ಕೊಡಿ" ಎಂದು ಬರೆದರೆ ಅರ್ಜಿ ತಿರಸ್ಕಾರವಾಗುತ್ತದೆ, ಆಗಬೇಕಾದ್ದೇ. "ಇಂಥ ದಿನಾಂಕದ ಸಾಮಾನ್ಯ ಸಭೆಯ ಅಜೆಂಡಾ ಮತ್ತು ನಡಾವಳಿಯ ಪ್ರತಿ" ಎಂದು ಕೇಳಿ. 30 ದಿನದೊಳಗೆ ಕೊಡಬೇಕು, ಕೊಡದಿದ್ದರೆ ಅದೇ ಕಚೇರಿಯಲ್ಲಿ ಮೊದಲ ಮೇಲ್ಮನವಿ. ನಡಾವಳಿಯಲ್ಲಿ ನಿಮ್ಮ ಓಣಿಯ ಕಾಮಗಾರಿ ಸಿಕ್ಕರೆ ಎರಡನೇ ಅರ್ಜಿಯಲ್ಲಿ ಅಂದಾಜು ಪಟ್ಟಿ, ಕಾರ್ಯಾದೇಶ ಮತ್ತು ಅಳತೆ ಪುಸ್ತಕದ (ಮಾಡಿದ ಕೆಲಸದ ಅಳತೆ ಬರೆದಿಡುವ ಪುಸ್ತಕ) ಪುಟ ಕೇಳಿ.

ಅಳತೆ ಪುಸ್ತಕ ಕೈಗೆ ಬಂದ ಮೇಲೆ ಟೇಪು ಹಿಡಿದು ಓಣಿಗೆ ಹೋಗಿ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಸಿಸಿ ರಸ್ತೆ ಎಂದು ಬರೆದಿದ್ದರೆ 45 ಘನ ಮೀಟರ್ ಕಾಂಕ್ರೀಟಿಗೆ ಬಿಲ್ ಆಗಿರುತ್ತದೆ. ರಸ್ತೆಯ ಅಂಚಿನಲ್ಲಿ, ಚರಂಡಿಗಾಗಿ ಮಣ್ಣು ತೆಗೆದ ಕಡೆ ದಪ್ಪ ಅಳೆಯಿರಿ. 10 ಸೆಂಟಿಮೀಟರ್ ಬಂದರೆ ಬಿದ್ದಿರುವುದು 30 ಘನ ಮೀಟರ್, ಮೂರರಲ್ಲಿ ಒಂದು ಪಾಲು ಕಾಗದದಲ್ಲಷ್ಟೇ ಇದೆ. ಅಂಚಿನಲ್ಲಿ ದಪ್ಪ ಹಾಕಿ ನಡುವೆ ತೆಳ್ಳಗೆ ಮಾಡುವುದೂ ಉಂಟು, ಆದ್ದರಿಂದ ನಲ್ಲಿಗೆ ರಸ್ತೆ ಕತ್ತರಿಸಿದ ಜಾಗ ಸಿಕ್ಕರೆ ಅಲ್ಲಿಯೂ ಅಳೆಯಿರಿ. ಅಳತೆ ಬರೆದ ಇಂಜಿನಿಯರ್, ಪರಿಶೀಲಿಸಿದವರು ಇಬ್ಬರ ಸಹಿಯೂ ಅದೇ ಪುಟದಲ್ಲಿರುತ್ತದೆ, ಮೇಯರ್ ಸಹಿ ಇರುವುದಿಲ್ಲ. ದೂರು ಯಾರ ಮೇಲೆ ಬರೆಯಬೇಕೆಂಬುದು ಆ ಪುಟ ನೋಡಿದಾಗಲೇ ತೀರ್ಮಾನವಾಗುತ್ತದೆ. ದೂರನ್ನು ಮೊದಲು ಆಯುಕ್ತರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಆಮೇಲೆ ಅದರ ಪ್ರತಿಯೊಂದಿಗೆ ಲೋಕಾಯುಕ್ತಕ್ಕೆ.

ನಿಮ್ಮ ಸದಸ್ಯರು ಮೇಯರ್ ಆಗಿಯೇಬಿಟ್ಟರೆ ಹಾರ ಹಿಡಿದು ಹೋದ ದಿನವೇ ಎರಡು ವಿಷಯ ಬರೆದು ಕೊಡಿ: ನಿಮ್ಮ ಓಣಿಯ ರಸ್ತೆಗೆ ಅಂದಾಜು ಪಟ್ಟಿ ಮಾಡಿಸುವುದು, ಮತ್ತು ಪ್ರತಿ ತಿಂಗಳ ಸಭೆಯ ಅಜೆಂಡಾವನ್ನು ಸಭೆಗೆ ಮುಂಚೆಯೇ ವಾರ್ಡ್ ಕಚೇರಿಯ ಗೋಡೆಗೆ ಅಂಟಿಸುವುದು. ಮೊದಲನೆಯದಕ್ಕೆ ಇಂಜಿನಿಯರನ್ನು ಒಂದು ದಿನ ಕಳಿಸಿದರೆ ಸಾಕು, ಎರಡನೆಯದಕ್ಕೆ ಒಂದು ಹಾಳೆ ಜೆರಾಕ್ಸ್.