“ನಮ್ಮ ಮನೆತನದಾಗ ಯಾರಿಗೂ ಇಲ್ರಿ”

(ಹೆಸರು, ವಯಸ್ಸು, ಗುರುತಿನ ವಿವರ ಎಲ್ಲ ಬದಲಿಸಿದ್ದೇನೆ.)

ರಾಯಚೂರು ಜಿಲ್ಲೆಯ, ಸಿಂಧನೂರು ಕಡೆಯ ಕುಟುಂಬ. ಬಂದವರು ಮೂವರು: 19ರ ಶಿಲ್ಪಾ, ಅವಳ ತಾಯಿ, ತಾಯಿಯ ತಾಯಿ. ಶಿಲ್ಪಾಳ ತಮ್ಮನಿಗೆ ಥಲಸೇಮಿಯಾ ಮೇಜರ್, ಅಂದರೆ ಮೈ ತಾನೇ ಸಾಕಷ್ಟು ಒಳ್ಳೆಯ ರಕ್ತ ತಯಾರಿಸಲಾಗದ, ಹುಟ್ಟಿನಿಂದಲೇ ಬರುವ ಕಾಯಿಲೆ. ವಯಸ್ಸು ಒಂಬತ್ತು, ನೋಡೋಕೆ ಆರರ ಹುಡುಗ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಆ ರಕ್ತದಿಂದ ಮೈಯಲ್ಲಿ ಸೇರುವ ಕಬ್ಬಿಣ ಇಳಿಸಲು ದಿನಾ ಮಾತ್ರೆ. ಈಗ ಶಿಲ್ಪಾಳನ್ನು ಸೋದರಮಾವನಿಗೆ ಕೊಡುವ ಮಾತು ನಡೆದಿದೆ. ರಕ್ತ ಹಾಕುವ ನರ್ಸ್ ಕಿವಿಗೆ ಅದು ಬಿದ್ದು, ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ನನ್ನ ಹತ್ತಿರ ಅವರೇ ಕಳಿಸಿದ್ದರು.

ಕೂರುವ ಮೊದಲೇ ಅಜ್ಜಿ ಶುರು ಮಾಡಿದರು. “ನಮ್ಮ ಮನೆತನದಾಗ ಯಾರಿಗೂ ಇಲ್ರಿ ಮೇಡಂ. ಅದು ಹುಡುಗನ ಅಪ್ಪನ ಕಡಿಯಿಂದ ಬಂದದ್ದು.” ಗಂಡನ ಮನೆಯಲ್ಲಿ ಇದೇ ಮಾತು ತಾಯಿಯ ಮೇಲೆ ಬೀಳುತ್ತದಂತೆ.

ವಂಶಾವಳಿ ಬರೆಯೋಕೆ ಹಾಳೆ ತೆಗೆದೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೀರಿಕೊಂಡವರಿಗೆ ಮೇಲೊಂದು ಓರೆಗೆರೆ. ಎಷ್ಟು ಮಕ್ಕಳು ಅಂದರೆ ಅಜ್ಜಿ “ಮೂರು” ಅಂದರು. ಉಳಿಯದವರನ್ನೂ ಹೇಳಿ ಅಂದೆ. “ಒಂದು ಗಂಡುಕೂಸು ಹೋತು, ಒಂದೂವರಿ ವರ್ಷಕ್ಕ. ಮೈಯೆಲ್ಲ ಬಿಳಿಚಿ, ಹೊಟ್ಟಿ ಉಬ್ಬಿ. ದೃಷ್ಟಿ ಆಗೇತಂತ ತಾಯತ ಕಟ್ಟಿಸಿದ್ವಿ.”

ಅದು ಥಲಸೇಮಿಯಾನೇ ಅಂತ ಈಗ ಯಾರೂ ಸಾಬೀತು ಮಾಡೋಕಾಗಲ್ಲ. ಆದರೆ ಲಕ್ಷಣ ಹೊಂದುತ್ತದೆ.

ಅವರಿಗೆ ಹೇಳಿದ್ದು ಇಷ್ಟು. ಕಾಯಿಲೆ ವಂಶದಲ್ಲಿದೆ ಅಂದರೆ ಹಿರಿಯರಲ್ಲಿ ಯಾರಿಗಾದರೂ ಕಾಣಿಸಿರಲೇಬೇಕು ಅಂತಿಲ್ಲ. ಈ ಜೀನು ಅಪ್ಪನಿಂದ ಒಂದು, ಅವ್ವನಿಂದ ಒಂದು ಬರುತ್ತದೆ. ಒಂದು ಕೆಟ್ಟಿದ್ದರೆ ಇನ್ನೊಂದು ಕೆಲಸ ನಡೆಸುತ್ತದೆ. ಅಂಥವರು ವಾಹಕರು, ಗಟ್ಟಿಮುಟ್ಟಾಗೇ ಇರುತ್ತಾರೆ. ನಮ್ಮ ದೇಶದಲ್ಲಿ 100 ಜನರಲ್ಲಿ 3–4 ಮಂದಿ ಹೀಗಿದ್ದಾರೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಒಂದು ಮಗುವಿಗೆ ಬಂತು, ಮುಂದಿನ ಮೂರಕ್ಕೆ ಬರಲ್ಲ ಅನ್ನೋ ಲೆಕ್ಕ ಅಲ್ಲ ಇದು. ಎರಡೂ ಕಡೆಯಿಂದ ಬರದೆ ಮೇಜರ್ ಆಗೋದೇ ಇಲ್ಲ.

ತಾಯಿ ಆಗ ಮೊದಲ ಸಲ ಬಾಯಿ ಬಿಟ್ಟರು. “ಹಂಗಾರ ಅವರದೂ ಅರ್ಧ ಐತಲ್ರಿ?” ಸರಿಯಾಗಿ ಅರ್ಧ, ಅಂದೆ.

ಮದುವೆಯ ಲೆಕ್ಕ ಇನ್ನೂ ಬಿಗಿ. ಕಾಯಿಲೆ ಇರುವ ಹುಡುಗನ ಆರೋಗ್ಯವಂತ ಅಕ್ಕ ವಾಹಕಿಯಾಗಿರುವ ಸಂಭವ ಮೂರರಲ್ಲಿ ಎರಡು. ಮಾವನದು ಎರಡರಲ್ಲಿ ಒಂದು; ತೀರಿಕೊಂಡ ಕೂಸಿಗೂ ಇದೇ ಇದ್ದಿದ್ದರೆ ಅವನದೂ ಮೂರರಲ್ಲಿ ಎರಡು. ಅಂದರೆ ಪರೀಕ್ಷೆ ಇಲ್ಲದೆ ಮದುವೆಯಾದರೆ ಪ್ರತಿ ಮಗುವಿಗೆ 12ರಲ್ಲಿ ಒಂದರಿಂದ 9ರಲ್ಲಿ ಒಂದರಷ್ಟು ಅಪಾಯ. ಸಂಬಂಧವಿಲ್ಲದ ಹುಡುಗನಾದರೆ ಇದು 100ರಲ್ಲಿ ಒಂದಕ್ಕಿಂತ ಕಡಿಮೆ.

ಇಬ್ಬರಿಗೂ ಎಚ್‌ಪಿಎಲ್‌ಸಿ ರಕ್ತಪರೀಕ್ಷೆ (ಹೀಮೋಗ್ಲೋಬಿನ್ ಬಗೆಗಳನ್ನು ಅಳೆದು ವಾಹಕರನ್ನು ಗುರುತಿಸುವುದು) ಮಾಡಿಸಲು ಹೇಳಿದೆ. ಮಾವ ಫೋನಿನಲ್ಲಿ ರೇಗಿದ. “ಭತ್ತದ ಚೀಲ ಒಬ್ಬನ ಎತ್ತತೀನ್ರಿ, ನನಗೇನಾಗೇತಿ?” ಏನೂ ಆಗಿಲ್ಲಪ್ಪ, ವಾಹಕರೂ ಚೀಲ ಎತ್ತುತ್ತಾರೆ ಅಂದೆ. ಕೊನೆಗೆ ಮಾಡಿಸಿದ. ಶಿಲ್ಪಾಳದು ಸ್ವಲ್ಪ ತಡವಾಯಿತು. ಅವಳಿಗೆ ಕಬ್ಬಿಣದ ಕೊರತೆಯಿತ್ತು. ಕಬ್ಬಿಣ ಕಡಿಮೆಯಿದ್ದಾಗ ವಾಹಕರಲ್ಲಿ ಹೆಚ್ಚಿರುವ ಹೀಮೋಗ್ಲೋಬಿನ್ ಎ2 ಪ್ರಮಾಣ ಇಳಿದು, ವಾಹಕರ ರಿಪೋರ್ಟೂ ನಾರ್ಮಲ್ ಅಂತ ಬರಬಹುದು. ಮೊದಲು ಮೂರು ತಿಂಗಳು ಮಾತ್ರೆ, ಆಮೇಲೆ ಪರೀಕ್ಷೆ. ಇದನ್ನು ಎಷ್ಟೋ ಕಡೆ ಬಿಟ್ಟೇಬಿಡುತ್ತಾರೆ.

ರಿಪೋರ್ಟ್ ಬಂತು. ಮಾವ ವಾಹಕ. ಶಿಲ್ಪಾ ಅಲ್ಲ.

ಮನೆಯವರಿಗೆ ತಿಳಿಸುವ ಮೊದಲು ಅವಳೊಬ್ಬಳನ್ನೇ ಕೂರಿಸಿಕೊಂಡೆ. ಖುಷಿಯಾಗುತ್ತಾಳೆ ಅಂದುಕೊಂಡರೆ ಮುಖ ಸಪ್ಪಗಾಯಿತು. “ರಿಪೋರ್ಟ್ ಸರಿ ಇಲ್ಲಂತ ಹೇಳ್ರಿ ಮೇಡಂ. ಮಾವ ನನ್ನ ಎತ್ತಿ ಆಡಿಸಿದವ್ರು. ನಾ ನರ್ಸಿಂಗ್ ಮುಗಿಸ್ಬೇಕು.”

ಸುಳ್ಳು ಹೇಳಲ್ಲ ಅಂದೆ. ಇವತ್ತು ಅವಳನ್ನು ವಾಹಕಿ ಅಂದರೆ ಈ ಮದುವೆ ನಿಲ್ಲಬಹುದು. ಆದರೆ ಆ ಹಣೆಪಟ್ಟಿ ಮುಂದೆ ಬರುವ ಎಲ್ಲ ಸಂಬಂಧಕ್ಕೂ ಅಂಟುತ್ತದೆ. ಬೇಡ ಅನ್ನೋಕೆ ಅವಳಿಗೆ ಕಾಯಿಲೆಯೇ ಬೇಕಾ? ಅವಳ ಮಾತನ್ನು ತಾಯಿಯ ಮುಂದೆ ಅವಳೇ ಹೇಳಲಿ, ನಾನು ಪಕ್ಕದಲ್ಲಿರುತ್ತೇನೆ ಅಂದೆ. ಒಪ್ಪಿದಳು.

ಅಜ್ಜಿಯ ಪ್ರಶ್ನೆ ನೇರವಾಗಿತ್ತು: “ಹಂಗಾರ ಮದುವಿ ಮಾಡಬಹುದಲ್ರಿ?” ಥಲಸೇಮಿಯಾದ ಮಟ್ಟಿಗೆ ಭಯವಿಲ್ಲ ಅಂದೆ. ಆದರೆ ಮಾವ–ಸೊಸೆಗೆ ಜೀನುಗಳಲ್ಲಿ ಕಾಲು ಭಾಗ ಒಂದೇ. ಪರೀಕ್ಷೆಯಲ್ಲಿ ಸಿಗದ ಬೇರೆ ದೋಷಗಳೂ ಜೊತೆಯಾಗಬಹುದು. ಯಾವ ದಂಪತಿಗಾದರೂ 100 ಮಕ್ಕಳಲ್ಲಿ 2–3ಕ್ಕೆ ಹುಟ್ಟುದೋಷ ಇರುತ್ತದೆ. ಅತ್ತೆ–ಮಾವನ ಮಕ್ಕಳ ಮದುವೆಯಲ್ಲಿ ಅದು ಹೆಚ್ಚುಕಮ್ಮಿ ದುಪ್ಪಟ್ಟು, ಅಕ್ಕನ ಮಗಳಾದರೆ ಇನ್ನೂ ಜಾಸ್ತಿ. ಆಮೇಲೆ ಶಿಲ್ಪಾ ಮಾತಾಡಿದಳು. ತಾಯಿ “ಓದು ಮುಗೀಲಿ ತಗೋ” ಅಂದರು. ಅಜ್ಜಿ ಏನೂ ಅನ್ನಲಿಲ್ಲ.

ಮಾವನಿಗೆ ಬೇರೆಯಾಗಿ ಹೇಳಿದ್ದು: ಹುಡುಗಿ ನೋಡುವಾಗ ಈ ರಿಪೋರ್ಟ್ ಮುಚ್ಚಿಡಬೇಡ, ಅವಳಿಗೂ ಇದೇ ಪರೀಕ್ಷೆ ಮಾಡಿಸು. ಅವಳೂ ವಾಹಕಿಯಾದರೆ ಬಸಿರಿನ 11–12ನೇ ವಾರದಲ್ಲೇ ಮಗುವಿನ ತಪಾಸಣೆ ಸಾಧ್ಯ. ಅಜ್ಜಿಯ ಇನ್ನೊಬ್ಬ ಮಗಳೂ ಪರೀಕ್ಷೆ ಮಾಡಿಸಲಿ.

ತಮ್ಮನ ವಿಷಯ ಬಾಕಿಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಥಲಸೇಮಿಯಾ ಇದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿದ್ದೇನೆ. ಅಸ್ಥಿಮಜ್ಜೆ ಕಸಿಗೆ ಒಡಹುಟ್ಟಿದವರದು ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಅಕ್ಕ–ತಮ್ಮನ ಎಚ್‌ಎಲ್‌ಎ ಪರೀಕ್ಷೆಗೆ (ಮಜ್ಜೆ ಹೊಂದುತ್ತದೆಯೇ ಅಂತ ನೋಡುವುದು) ಬರೆದುಕೊಟ್ಟಿದ್ದೇನೆ. ಶಿಲ್ಪಾ ಆ ಚೀಟಿ ತಾನೇ ಇಟ್ಟುಕೊಂಡಳು.